ಬಸ್ ಲೇನ್ ಬಗ್ಗೆ ಬಸ್ಸಲ್ಲಿರೋರನ್ನೇ ಕೇಳಲಿಲ್ಲ

ಮೊನ್ನೆ ಸಂಜೆ ಅಹವಾಲು ಸಭೆಗೆ ಹೋಗಿದ್ದೆ, ನಾನು ದಿನಾ ಓಡಾಡೋ ದೊಡ್ಡ ರಸ್ತೆಲಿ ಬಸ್ ಲೇನ್, ಅಂದ್ರೆ ಬಸ್ಸಿಗೆ ಮಾತ್ರ ಅಂತ ಮೀಸಲು ಸಾಲು, ಮಾಡ್ತೀವಿ ಅಂತ ಹೊರಟಿದಾರಲ್ಲ, ಅದಕ್ಕೆ. ಗೋಡೆ ಉದ್ದಕ್ಕೂ ನಕ್ಷೆ ಅಂಟಿಸಿದ್ರು, ಈ ತುದಿಯಿಂದ ಆ ತುದಿಗೆ ಹತ್ತು ಹನ್ನೆರಡು ಹೆಜ್ಜೆ ಆಗತ್ತೆ, ಅದರಲ್ಲಿ ರಸ್ತೆಯ ಎರಡೂ ಅಂಚಿಗೆ ಕೆಂಪು ಪಟ್ಟಿ. ಬಂದೋರೆಲ್ಲ ಮೊದಲು ಮಾಡಿದ್ದು ಒಂದೇ ಕೆಲಸ, ನಕ್ಷೆ ಮೇಲೆ ಬೆರಳಿಟ್ಟು ತಮ್ಮ ಜಾಗ ಹುಡುಕಿದ್ರು. ಒಬ್ರಿಗೆ ಅವರ ಮನೆ ಗೇಟ್, ಇನ್ನೊಬ್ರಿಗೆ ಅಂಗಡಿ ಮುಂದೆ ಗಾಡಿ ನಿಲ್ಲಿಸೋ ಜಾಗ, ಮತ್ತೊಬ್ರಿಗೆ ಮಗಳನ್ನ ಸ್ಕೂಲಿಗೆ ಬಿಡೋಕೆ ತಿರುಗೋ ಕ್ರಾಸು. ನಾನೂ ಅಷ್ಟೇ, ನನ್ನ ಸ್ಟಾಪ್ ಹುಡುಕಿದೆ. ಪಕ್ಕದಲ್ಲಿ ವಯಸ್ಸಾದ ಅಮ್ಮ ಒಬ್ರು ಕನ್ನಡಕ ಏರಿಸಿ ಇಳಿಸಿ ನೋಡ್ತಿದ್ರು, ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ "ಒಂಚೂರು ನೋಡಿ ಹೇಳಮ್ಮ, ನನ್ನ ಸ್ಟಾಪ್ ಎಲ್ಲಿಗೆ ಹೋಯ್ತು" ಅಂದ್ರು. ನಾನೂ ಹುಡುಕಿದೆ, ಇರಲೇ ಇಲ್ಲ. ಆಮೇಲೆ ಗೊತ್ತಾಯ್ತು, ಹತ್ತಿರ ಹತ್ತಿರ ಇದ್ದ ಎರಡು ಸ್ಟಾಪ್ ಸೇರಿಸಿ ಮಧ್ಯದಲ್ಲಿ ಒಂದು ಮಾಡಿದಾರೆ, ಅದನ್ನ ಮೂಲೆಲಿ ಸಣ್ಣ ಅಕ್ಷರದಲ್ಲಿ ಬರೆದಿದಾರೆ, ಆ ಅಕ್ಷರ ಓದೋಕೆ ನನಗೇ ಬಗ್ಗಬೇಕಾಯ್ತು.

ಆ ಅಮ್ಮ ಬಸ್ ಲೇನ್ ಬೇಡ ಅನ್ನೋರಲ್ಲ. ದಿನಾ ಬಸ್ಸಲ್ಲೇ ಹೋಗೋರು. ಆದ್ರೆ ಅವರಿಗೆ ಕೊಟ್ಟ ಫಾರಂನಲ್ಲಿ ಇದ್ದಿದ್ದು ಮೂರು ಚೌಕ: ಬೆಂಬಲಿಸ್ತೀನಿ, ವಿರೋಧಿಸ್ತೀನಿ, ಅಭಿಪ್ರಾಯ ಇಲ್ಲ. ಲೇನ್ ಬೇಕು, ಸ್ಟಾಪ್ ಮಾತ್ರ ಅಷ್ಟು ದೂರ ಹೋಗಬಾರದು ಅನ್ನೋರು ಯಾವ ಚೌಕಕ್ಕೆ ಟಿಕ್ ಹಾಕಬೇಕು ಹೇಳಿ. ಅವರು ಸುಮಾರು ಹೊತ್ತು ಪೆನ್ ಹಿಡ್ಕೊಂಡು ಕೂತು ಕೊನೆಗೆ ವಿರೋಧಕ್ಕೇ ಟಿಕ್ ಹಾಕಿದ್ರು. ಎಣಿಕೆಲಿ ಅವರು ಈಗ ಬಸ್ ಲೇನ್ ವಿರೋಧಿ. ಅದನ್ನ ನೋಡಿ ನನಗೆ ತುಂಬಾ ಸಂಕಟ ಆಯ್ತು, ಈ ಪೋಸ್ಟ್ ಬರೀತಿರೋದೇ ಅದಕ್ಕೆ.

ಸಭೆ ಇಟ್ಟಿದ್ದು ಸಂಜೆ ಆರಕ್ಕೆ. ಈ ಲೇನ್ ಯಾರಿಗೋಸ್ಕರ ಮಾಡ್ತಿದಾರೋ ಅವರೆಲ್ಲ ಆ ಹೊತ್ತಿಗೆ ಅದೇ ರಸ್ತೆಲಿ, ಬಸ್ಸೊಳಗೆ, ಕಂಬಿ ಹಿಡ್ಕೊಂಡು ನಿಂತಿದ್ರು. ನೋಟಿಸ್ ಹೋಗಿದ್ದು ರಸ್ತೆ ಅಕ್ಕಪಕ್ಕದ ಮನೆಗಳಿಗೆ ಮತ್ತು ಅಂಗಡಿಗಳಿಗೆ. ಅವರಿಗೆ ಹೋಗಲೇಬೇಕು, ಅದರಲ್ಲಿ ತಪ್ಪೇನಿಲ್ಲ, ಆ ರಸ್ತೆ ಅವರ ಬಾಗಿಲು. ಆದ್ರೆ ಬಸ್ಸಲ್ಲಿ ಹೋಗೋರು ಬಹಳಷ್ಟು ಜನ ಆ ರಸ್ತೆಲಿ ವಾಸ ಇರೋರೇ ಅಲ್ಲ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗೋರು, ದಿನಕ್ಕೆ ಎರಡು ಸಲ ಆ ರಸ್ತೆಲಿ ಅರ್ಧ ಗಂಟೆ ಕಳೆಯೋರು, ಅವರಿಗೆ ನೋಟಿಸ್ ಬರಲಿಲ್ಲ, ಸ್ಟಾಪಲ್ಲಿ ಒಂದು ಕಾಗದ ಅಂಟಿಸಿರಲಿಲ್ಲ, ಬಸ್ಸೊಳಗಂತೂ ಏನೂ ಇಲ್ಲ. ನನಗೂ ಗೊತ್ತಾಗಿದ್ದು ಪರಿಚಯದ ಅಂಗಡಿಯವರೊಬ್ಬರು ಹೇಳಿದ್ದಕ್ಕೆ.

ಸಭೆಲಿ ಮೊದಲು ಬಂದ ಮಾತು ಎಲ್ಲರೂ ಊಹಿಸೋದೇ, ಈಗಲೇ ಜಾಮ್, ಒಂದು ಲೇನ್ ಕಿತ್ಕೊಂಡ್ರೆ ಗತಿ ಏನು ಅಂತ. ಇದು ಸುಳ್ಳು ಭಯ ಅಂತ ನಾನು ಹೇಳಲ್ಲ, ಸ್ಟೀರಿಂಗ್ ಹಿಡಿದು ಕೂತೋರಿಗೆ ಕಾಣೋದು ಗಾಡಿಗಳು, ಅವರ ಲೆಕ್ಕ ಗಾಡಿ ಲೆಕ್ಕ. ಆದ್ರೆ ರಸ್ತೆ ಇರೋದು ಜನ ಹೋಗೋಕಲ್ವಾ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ಒಂದಿದೆ, ನ್ಯಾಕ್ಟೋ ಅಂತಾರೆ, ಅವರ ಕೈಪಿಡಿಲಿ ಕೊಟ್ಟಿರೋ ಲೆಕ್ಕ ನೋಡಿ: ಬರೀ ಖಾಸಗಿ ಗಾಡಿಗಳು ಓಡೋ ಒಂದು ಲೇನಲ್ಲಿ ಗಂಟೆಗೆ ಸುಮಾರು 600ರಿಂದ 1,600 ಜನ ದಾಟಬಹುದು, ಅದೇ ಅಗಲದ ಲೇನನ್ನ ಬಸ್ಸಿಗೆ ಮೀಸಲಿಟ್ಟು ಸರಿಯಾಗಿ ಬಸ್ ಓಡಿಸಿದ್ರೆ 4,000ದಿಂದ 8,000 ಜನ. ಸರಿಯಾಗಿ ಓಡಿಸಿದ್ರೆ ಅನ್ನೋದು ಮುಖ್ಯ. ಕಾಲು ಗಂಟೆಗೊಂದು ಬಸ್ ಬಿಟ್ಟು ಲೇನ್ ಖಾಲಿ ಬಿದ್ದಿದ್ರೆ ಪಕ್ಕದಲ್ಲಿ ಜಾಮಲ್ಲಿ ಕೂತೋರಿಗೆ ಹೊಟ್ಟೆ ಉರಿಯದೇ ಇರತ್ತಾ. ಕೊಲಂಬಿಯಾದ ರಾಜಧಾನಿ ಬೊಗೋಟಾದ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಾಲೋಸಾ ಇದನ್ನ ಸಮಾನತೆ ಪ್ರಶ್ನೆ ಅಂತಲೇ ನೋಡ್ತಾರೆ: ಕಾನೂನಿನ ಮುಂದೆ ಎಲ್ಲರೂ ಒಂದೇ ಅಂದ್ಮೇಲೆ, 80 ಜನ ಇರೋ ಬಸ್ಸಿಗೆ ಒಬ್ಬರೇ ಕೂತ ಕಾರಿಗಿಂತ 80 ಪಟ್ಟು ರಸ್ತೆ ಜಾಗದ ಹಕ್ಕಿದೆ ಅನ್ನೋದು ಅವರ ವಾದ. ನಾನು ಇದನ್ನ ಪೂರ್ತಿ ಒಪ್ತೀನಿ.

ಇನ್ನೊಂದು ವಿಷಯ ಸಭೆಲಿ ಹೇಳಬೇಕಿತ್ತು, ಮೈಕ್ ಕೈಗೆ ಬರೋ ಹೊತ್ತಿಗೆ ಟೈಮ್ ಮುಗೀತು. ಲೇನ್ ಕಮ್ಮಿ ಮಾಡಿದ್ರೆ ಅಷ್ಟೂ ಗಾಡಿಗಳು ಅಲ್ಲೇ ಇರತ್ತೆ, ಇಲ್ಲಾಂದ್ರೆ ಎಲ್ಲ ಪಕ್ಕದ ಓಣಿಗೆ ನುಗ್ಗತ್ತೆ ಅಂತ ನಾವೆಲ್ಲ ಅಂದ್ಕೊಂಡಿದೀವಿ. ಸ್ಯಾಲಿ ಕೇರ್ನ್ಸ್, ಸ್ಟೀಫನ್ ಆಟ್ಕಿನ್ಸ್, ಫಿಲ್ ಗುಡ್ವಿನ್ ಅನ್ನೋ ಮೂವರು 11 ದೇಶಗಳ 70ಕ್ಕೂ ಹೆಚ್ಚು ಉದಾಹರಣೆ ಸೇರಿಸಿ ನೋಡಿ 2002ರಲ್ಲಿ ಬರೆದಿದಾರೆ, ರಸ್ತೆ ಜಾಗ ಕಮ್ಮಿ ಮಾಡಿದ ಕಡೆ ಬಹಳ ಸಲ ಒಟ್ಟು ಓಡಾಟದಲ್ಲೇ ಒಂದಷ್ಟು ಪಾಲು ಇಲ್ಲವಾಗಿದೆ, ಯಾಕಂದ್ರೆ ಜನ ಹೊತ್ತು ಬದಲಾಯಿಸ್ತಾರೆ, ಎರಡು ಕೆಲಸ ಒಂದೇ ಸಲ ಮುಗಿಸ್ತಾರೆ, ಕೆಲವರು ಬಸ್ ಹತ್ತುತಾರೆ, ಕೆಲವರು ನಡೀತಾರೆ. ಹಾಗಂತ ಪ್ರತಿ ರಸ್ತೆಲೂ ಹೀಗೇ ಆಗತ್ತೆ ಅಂತಲ್ಲ, ಒಂದೊಂದು ಕಡೆ ಒಂದೊಂದು ಥರ ಆಗಿದೆ. ಓಣಿಲಿ ಇರೋರ ಚಿಂತೆ ನಿಜವಾದದ್ದೇ, ಅದಕ್ಕೇ ಓಣಿಗಳಲ್ಲೂ ಮೊದಲೇ ಗಾಡಿ ಎಣಿಸಿ ಇಟ್ಕೊಳ್ಳಿ, ಲೇನ್ ಬಂದಮೇಲೆ ಮತ್ತೆ ಎಣಿಸಿ ಅಂತ ನಾನು ಬರೆದು ಕೊಟ್ಟಿದೀನಿ.

ಈಗ ಬಸ್ಸಿನ ವಿಷಯಕ್ಕೆ ಬರ್ತೀನಿ. ಇದನ್ನ ಯಾರೂ ಸಭೆಲಿ ಮಾತಾಡಲೇ ಇಲ್ಲ.

ಅರ್ಧ ಗಂಟೆ ಕಾದ್ರೂ ಬಸ್ ಬರಲ್ಲ, ಆಮೇಲೆ ಒಂದರ ಹಿಂದೆ ಒಂದು ಮೂರು ಬರತ್ತೆ, ಮೊದಲನೇದು ಕಾಲಿಡೋಕೆ ಆಗದಷ್ಟು ತುಂಬಿರತ್ತೆ, ಮೂರನೇದು ಖಾಲಿ. ಎಲ್ಲರೂ ಡ್ರೈವರ್‌ಗಳನ್ನ ಬೈತಾರೆ, ನಾನೂ ಎಷ್ಟೋ ವರ್ಷ ಬೈದಿದೀನಿ, ಈಗ ಅದು ತಪ್ಪು ಅಂತ ಅನ್ಸತ್ತೆ. ಆಗೋದು ಹೀಗೆ: ಒಂದು ಬಸ್ ಒಂದು ಸಿಗ್ನಲಲ್ಲಿ ಎರಡು ನಿಮಿಷ ಸಿಕ್ಕಾಕೊಳ್ತು ಅಂದ್ಕೊಳ್ಳಿ. ಆ ಎರಡು ನಿಮಿಷದಲ್ಲಿ ಮುಂದಿನ ಸ್ಟಾಪಿಗೆ ಇನ್ನಷ್ಟು ಜನ ಬಂದು ನಿಂತಿರ್ತಾರೆ, ಅವರೆಲ್ಲ ಹತ್ತೋಕೆ ಹೊತ್ತು ಹಿಡಿಯತ್ತೆ, ಬಸ್ ಇನ್ನೂ ಲೇಟಾಗತ್ತೆ, ಅದರ ಮುಂದಿನ ಸ್ಟಾಪಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗೆ ಇದರ ಉಲ್ಟಾ, ಸ್ಟಾಪಲ್ಲಿ ಜನಾನೇ ಇರಲ್ಲ, ಬೇಗ ಬೇಗ ಹೊರಟು ಮುಂದಿನ ಬಸ್ಸಿನ ಬಾಲಕ್ಕೆ ಬಂದು ಅಂಟ್ಕೊಳತ್ತೆ. ಡ್ರೈವರ್ ಏನು ಮಾಡೋಕಾಗತ್ತೆ ಪಾಪ. ಶುರುವಾಗಿದ್ದು ಆ ಸಿಗ್ನಲಿನ ಎರಡು ನಿಮಿಷದಿಂದ. ಬಸ್ ಲೇನ್ ಬಸ್ಸನ್ನ ಜೋರಾಗಿ ಓಡಿಸೋಕೆ ಅಂತ ತುಂಬಾ ಜನ ತಿಳ್ಕೊಂಡಿದಾರೆ, ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಉಪಯೋಗ ಇದು, ಆ ಎರಡು ನಿಮಿಷ ಒಂದಿನ ಇದ್ದು ಒಂದಿನ ಇಲ್ಲದ ಹಾಗೆ ಆಗದಿರೋದು. ದಿನಾ ನಲವತ್ತು ನಿಮಿಷ ಅಂತ ಗೊತ್ತಿದ್ರೆ ಹೇಗೋ ಹೊಂದಿಸ್ಕೊಬಹುದು, ಒಂದಿನ ಮೂವತ್ತು ಒಂದಿನ ಅರವತ್ತು ಅಂದ್ರೆ ದಿನಾ ಅರವತ್ತರ ಲೆಕ್ಕದಲ್ಲೇ ಮನೆ ಬಿಡಬೇಕಾಗತ್ತೆ. ಲೇಟಾಗದ ದಿನಾನೂ ಆ ಅರ್ಧ ಗಂಟೆ ನಮ್ಮ ಕೈಯಿಂದ ಹೋಗತ್ತೆ, ಅದು ಮಕ್ಕಳ ಜೊತೆ ಕೂರೋ ಹೊತ್ತು, ನಿದ್ದೆ ಹೊತ್ತು.

ಇನ್ನೊಂದು ಸಣ್ಣ ಲೆಕ್ಕ. ಒಂದು ರೂಟಲ್ಲಿ ಆರು ಬಸ್ಸಿದೆ, ಹೋಗಿ ಬರೋಕೆ 90 ನಿಮಿಷ ಹಿಡಿಯತ್ತೆ ಅಂದ್ರೆ ಸ್ಟಾಪಿಗೆ 15 ನಿಮಿಷಕ್ಕೊಂದು ಬಸ್. ಅದೇ 72 ನಿಮಿಷಕ್ಕೆ ಇಳಿದ್ರೆ ಅದೇ ಆರು ಬಸ್ಸು, ಅದೇ ಡ್ರೈವರ್‌ಗಳು, 12 ನಿಮಿಷಕ್ಕೊಂದು ಬಸ್ ಬರತ್ತೆ. ಒಂದು ಹೊಸ ಬಸ್ಸೂ ತಗೊಳ್ಳದೆ. ಇದನ್ನ ಆ ಗೋಡೆ ಮೇಲೆ ದೊಡ್ಡದಾಗಿ ಬರೆದು ಹಾಕಬೇಕಿತ್ತು ಅಂತ ನನಗೆ ಅನ್ಸತ್ತೆ.

ಈಗ ನಕ್ಷೆ. ನೀವೆಲ್ಲಾದ್ರೂ ಇಂಥ ನಕ್ಷೆ ನೋಡೋಕೆ ಹೋದ್ರೆ ಕೆಂಪು ಪಟ್ಟಿ ಎಷ್ಟುದ್ದ ಇದೆ ಅಂತ ನೋಡ್ಬೇಡಿ, ಅದು ಎಲ್ಲಿ ಮುಗಿಯತ್ತೆ ಅಂತ ನೋಡಿ. ಜಂಕ್ಷನ್ ಹತ್ರ ಬಂದಾಗ ಪಟ್ಟಿ ನಿಂತುಬಿಡತ್ತೆ, ಯಾಕಂದ್ರೆ ಆ ಬದಿಗೆ ತಿರುಗೋ ಗಾಡಿಗಳು ಅಂಚಿಗೆ ಬರಬೇಕಲ್ಲ. ಅಲ್ಲಿಂದ ಸಿಗ್ನಲ್ ಗೆರೆವರೆಗೆ ಎಲ್ಲರದ್ದೂ ಒಂದೇ ಸಾಲು. ಆ ಸಾಲು ಒಂದು ಗ್ರೀನಲ್ಲಿ ಖಾಲಿ ಆಗೋವಷ್ಟಿದ್ರೆ ಪರವಾಗಿಲ್ಲ, ಬಸ್ಸೂ ಆ ಗ್ರೀನಲ್ಲೇ ದಾಟತ್ತೆ. ಪಟ್ಟಿ ತುಂಬಾ ಹಿಂದೇನೇ ನಿಂತ್ರೆ ಬಸ್ ಲೇನಲ್ಲಿ ಸುಮ್ಮನೆ ಓಡಿ ಬಂದು ಆ ಸಾಲಿನ ಬಾಲದಲ್ಲಿ ನಿಲ್ಲತ್ತೆ, ಒಂದು ಗ್ರೀನ್ ಹೋಯ್ತು, ಇನ್ನೊಂದು ಹೋಯ್ತು, ಮೂರನೇದರಲ್ಲಿ ದಾಟ್ತು ಅಂದ್ರೆ ಹಿಂದೆ ಉಳಿಸಿದ ಹೊತ್ತೆಲ್ಲ ಅಲ್ಲೇ ಕರಗಿ ಹೋಯ್ತು. ನಮ್ಮ ನಕ್ಷೆಲಿ ಅತಿ ಹೆಚ್ಚು ಗಾಡಿ ನಿಲ್ಲೋ ಜಂಕ್ಷನ್ ಇದ್ಯಲ್ಲ, ಅಲ್ಲೇ ಪಟ್ಟಿ ಎಲ್ಲಕ್ಕಿಂತ ದೂರದಲ್ಲಿ ನಿಂತಿದೆ. ಅಲ್ಲಿ ದಿನಾ ನಿಲ್ಲೋ ನಮಗೆ ಸಾಲು ಎಲ್ಲಿವರೆಗೆ ಬರತ್ತೆ ಅಂತ ಗೊತ್ತು, ಯಾವ ಮರದ ಹತ್ರ, ಯಾವ ಗೇಟಿನ ಹತ್ರ ಅಂತ ಕೂಡ ಹೇಳ್ತೀವಿ, ಕೇಳಬೇಕಷ್ಟೇ. ಅಲ್ಲಿಗೆ ಬೇಕಾಗಿರೋದು ಸಿಗ್ನಲಲ್ಲಿ ಬಸ್ಸಿಗೆ ಆದ್ಯತೆ, ಅಂದ್ರೆ ಬಸ್ ಹತ್ರ ಬರೋದು ಗೊತ್ತಾದಾಗ ಗ್ರೀನ್ ಕೆಲವು ಸೆಕೆಂಡ್ ಜಾಸ್ತಿ ಉಳಿಯೋದು ಅಥವಾ ರೆಡ್ ಸ್ವಲ್ಪ ಬೇಗ ಮುಗಿಯೋದು. ಬೇರೆ ಗಾಡಿಗಳಿಗಿಂತ ಒಂದಷ್ಟು ಸೆಕೆಂಡ್ ಮುಂಚೆ ಬಸ್ಸಿಗೆ ಮಾತ್ರ ಗ್ರೀನ್ ಕೊಡೋ ವ್ಯವಸ್ಥೆನೂ ಇದೆ. ಸ್ಟಾಪ್ ಸಿಗ್ನಲ್ ದಾಟಿದ ಮೇಲೆ ಇದ್ರೆ ಇದೆಲ್ಲ ಇನ್ನೂ ಚೆನ್ನಾಗಿ ಕೆಲಸ ಮಾಡತ್ತೆ, ಮುಂಚೆ ಇದ್ರೆ ಜನ ಹತ್ತೋ ಹೊತ್ತಿಗೆ ಕೊಟ್ಟ ಗ್ರೀನ್ ಹೋಗಿರತ್ತೆ.

ಬೇರೆ ಕಡೆ ಏನಾಯ್ತು ಅಂತಾನೂ ಸ್ವಲ್ಪ ಹೇಳ್ತೀನಿ. ಬ್ರೆಜಿಲ್‌ನ ಕುರಿಚಿಬಾ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ದಾರಿ ಮಾಡ್ಕೊಂಡ ಊರು, ಬೊಗೋಟಾದಲ್ಲಿ ಅಂಥದ್ದೇ ಬಸ್ ವ್ಯವಸ್ಥೆ ಟ್ರಾನ್ಸ್‌ಮಿಲೇನಿಯೊ 2000ದ ಕೊನೆಲಿ ಶುರುವಾಯ್ತು. ದಕ್ಷಿಣ ಕೊರಿಯಾದ ಸೋಲ್‌ ನಗರದಲ್ಲಿ 2004ರ ಜುಲೈ 1ಕ್ಕೆ ರಸ್ತೆ ಮಧ್ಯದ ಬಸ್ ಲೇನು, ಹೊಸ ರೂಟು, ಹೊಸ ಕಾರ್ಡು ಎಲ್ಲ ಒಂದೇ ದಿನ ತಂದ್ರು, ಮೊದಲ ದಿನಗಳಲ್ಲಿ ಎಂಥ ಗೊಂದಲ ಆಯ್ತು ಅಂದ್ರೆ ಮೇಯರ್ ಲೀ ಮ್ಯುಂಗ್ ಬಾಕ್ ಜನರ ಕ್ಷಮೆ ಕೇಳಬೇಕಾಯ್ತು. ಆದ್ರೂ ಹಿಂದೆ ಸರೀಲಿಲ್ಲ, ಸರಿ ಮಾಡ್ತಾ ಹೋದ್ರು, ಇವತ್ತಿಗೂ ಆ ಲೇನ್ ಇದೆ. ದಿಲ್ಲಿದು ಇದಕ್ಕೆ ಉಲ್ಟಾ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ರಸ್ತೆ ಮಧ್ಯದಲ್ಲಿ ಬಸ್ ಲೇನ್ ಮಾಡಿದ್ರು, ಚಿರಾಗ್ ದಿಲ್ಲಿ ಜಂಕ್ಷನ್ನಲ್ಲಿ ಸಿಗ್ನಲ್ ಸರದಿ ಉದ್ದ ಆಗಿ ಗಾಡಿಗಳ ಸಾಲು ಬೆಳೀತು, ಜಗಳ ಕೋರ್ಟಿಗೆ ಹೋಯ್ತು, 2012ರಲ್ಲಿ ಹೈಕೋರ್ಟ್ ಲೇನ್ ವಿರುದ್ಧದ ಅರ್ಜಿ ವಜಾ ಮಾಡಿ ಬಸ್ ಲೇನ್ ಉಳಿಸ್ತು, ಆದ್ರೂ 2016ರಲ್ಲಿ ಕಿತ್ತೇ ಹಾಕಿದ್ರು. ಅಷ್ಟು ಚಿಕ್ಕ ತುಂಡಲ್ಲಿ, ಅದೂ ಜಂಕ್ಷನ್ ಸರಿ ಮಾಡದೆ, ಯಾವ ಲೇನೂ ಜನರ ಮನಸ್ಸು ಗೆಲ್ಲಲ್ಲ ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರಿನ ಹೊರವರ್ತುಲ ರಸ್ತೆಲೂ 2019ರಲ್ಲಿ ಬಸ್ಸಿಗೆ ಲೇನ್ ಬಿಟ್ಟಿದ್ರು, ಆಮೇಲೆ ಕೊರೋನಾ ಬಂತು, ಮೆಟ್ರೋ ಕೆಲಸ ಬಂತು, ಲೇನ್ ಹೋಯ್ತು. ಒಂದು ಸಲ ಹೋದ ಲೇನನ್ನ ವಾಪಸ್ ತರೋದು ಹೊಸದು ಮಾಡೋದಕ್ಕಿಂತ ಕಷ್ಟ.

ಅಂಗಡಿಯವರ ಮಾತು ನಾನು ಗಮನ ಇಟ್ಟು ಕೇಳಿದೆ. ಒಬ್ರು ಎದ್ದು ನಿಂತು ನಮ್ಮ ಗಿರಾಕಿಗಳೆಲ್ಲ ಕಾರಲ್ಲೇ ಬರೋದು ಅಂದ್ರು, ಧ್ವನಿ ನಡುಗ್ತಿತ್ತು, ಬದುಕಿನ ಪ್ರಶ್ನೆ ಅಲ್ವಾ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ರಸ್ತೆಲಿ ಅಂಗಡಿಯವರನ್ನ ಕೇಳಿದಾಗ ನೂರಕ್ಕೆ 41 ಗಿರಾಕಿಗಳು ಕಾರಲ್ಲಿ ಬರ್ತಾರೆ ಅಂದ್ಕೊಂಡಿದ್ರಂತೆ, ಗಿರಾಕಿಗಳನ್ನೇ ಕೇಳಿದ್ರೆ 22 ಜನ. ಇದನ್ನ ಅವರ ಮುಖಕ್ಕೆ ಹಿಡಿದು ನೀವು ತಪ್ಪು ಅನ್ನೋದಕ್ಕಲ್ಲ ಹೇಳ್ತಿರೋದು, ಗಿರಾಕಿಗಳನ್ನ ಇಲ್ಲೂ ಒಂದು ಸಲ ಕೇಳಿ ನೋಡೋಣ ಅಂತ. ಆದ್ರೆ ಸಾಮಾನು ಇಳಿಸೋ ಕಷ್ಟಕ್ಕೆ ಯಾವ ಸರ್ವೇನೂ ಉತ್ತರ ಅಲ್ಲ, ಲಾರಿ ಎಲ್ಲಾದ್ರೂ ನಿಲ್ಲಲೇಬೇಕು. ಬೆಳಿಗ್ಗೆ ಸಂಜೆ ರಶ್ ಇರೋ ಗಂಟೆಗಳಲ್ಲಿ ಮಾತ್ರ ಲೇನ್ ಬಸ್ಸಿಗೆ, ನಡುವೆ ಇಂತಿಷ್ಟು ಹೊತ್ತು ಲೋಡಿಂಗಿಗೆ, ಇಲ್ಲಾಂದ್ರೆ ಪಕ್ಕದ ಕ್ರಾಸಲ್ಲಿ ಗೆರೆ ಎಳೆದು ಲೋಡಿಂಗ್ ಜಾಗ. ಇದು ಆಗದ ಕೆಲಸ ಅಲ್ಲ. ಇದಕ್ಕೆ ಜಾಗ ಕೊಡದೇ ಹೋದ್ರೆ ಲಾರಿ ಬಸ್ ಲೇನಲ್ಲೇ ನಿಲ್ಲತ್ತೆ, ಒಂದು ಲಾರಿ ಹತ್ತು ನಿಮಿಷ ನಿಂತ್ರೆ ಆ ತುಂಡು ಲೇನ್ ಇದ್ದೂ ಇಲ್ಲದ ಹಾಗೆ. ಕ್ಯಾಮೆರಾ ಇಟ್ಟು ನಂಬರ್ ಪ್ಲೇಟ್ ಹಿಡೀದೆ ಬರೀ ಬಣ್ಣ ಬಳಿದ್ರೆ ಏನಾಗತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಕಣ್ಣು ಕಾಣದ ಒಬ್ರು ಬಂದಿದ್ರು, ಕೋಲು ಮಡಿಚಿ ತೊಡೆ ಮೇಲೆ ಇಟ್ಕೊಂಡು ಕೊನೆವರೆಗೂ ಕಾದು ಮಾತಾಡಿದ್ರು. ಸ್ಟಾಪ್ ಮತ್ತು ಫುಟ್‌ಪಾತ್ ಮಧ್ಯೆ ಸೈಕಲ್ ದಾರಿ ಹಾಕಿದ್ರೆ ನಾನು ಬಸ್ ಇಳಿದು ಸೈಕಲ್ ಮೇಲೇ ಹೋಗಿ ಬೀಳ್ತೀನಿ, ಸೈಕಲ್ ಸದ್ದು ಮಾಡಲ್ಲ ಅಂದ್ರು. ಇಡೀ ಸಭೆಲಿ ಇಷ್ಟು ಸ್ಪಷ್ಟವಾಗಿ ಯಾರೂ ಮಾತಾಡಿರಲಿಲ್ಲ. ಅಧಿಕಾರಿಗಳು ಬರ್ಕೊಂಡ್ರು, ನಕ್ಷೆ ಎಷ್ಟು ತಿದ್ದುತಾರೆ ಅಂತ ಮುಂದಿನ ಸಲ ನೋಡ್ಬೇಕು.

ಅಭಿಪ್ರಾಯ ಕೇಳೋದು ಅಂದ್ರೆ ಹೇಗಿರಬೇಕು ಅನ್ನೋದಕ್ಕೆ ಬ್ರಿಟನ್ನಿನ ಕೋರ್ಟುಗಳು ಒಂದು ಅಳತೆ ಇಟ್ಕೊಂಡಿವೆ. 1985ರಲ್ಲಿ ಲಂಡನ್ನಿನ ಬ್ರೆಂಟ್ ಕೌನ್ಸಿಲ್ ಶಾಲೆಗಳ ವಿಷಯದಲ್ಲಿ ನಡೆದ ಗನ್ನಿಂಗ್ ಕೇಸಿಂದ ಬಂದಿದ್ದು. ತೀರ್ಮಾನ ಇನ್ನೂ ಗಟ್ಟಿ ಆಗೋ ಮುಂಚೆನೇ ಕೇಳಬೇಕು, ಜನ ಯೋಚಿಸಿ ಉತ್ತರ ಕೊಡೋಕೆ ಬೇಕಾದಷ್ಟು ಕಾರಣ ಮಾಹಿತಿ ಕೊಡಬೇಕು, ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರಗಳನ್ನ ಮನಸ್ಸಿಟ್ಟು ಪರಿಗಣಿಸಿ ಆಮೇಲೆ ತೀರ್ಮಾನ ಮಾಡಬೇಕು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಇದನ್ನ ಎತ್ತಿ ಹಿಡೀತು. ಓದೋಕೆ ಎಷ್ಟು ಸರಳ ಅಲ್ವಾ. ಆ ಅಮ್ಮನ ಕೈಲಿದ್ದ ಮೂರು ಚೌಕದ ಫಾರಮ್ಮನ್ನ ಈ ಅಳತೆಗೆ ಹಿಡಿದು ನೋಡಿ. ಸ್ಟಾಪ್ ಎಷ್ಟು ದೂರ ಹೋಗತ್ತೆ ಅಂತ ಹೇಳದೆ ಬೇಕಾ ಬೇಡ್ವಾ ಅಂದ್ರೆ ಅವರು ಯಾವ ಆಧಾರದ ಮೇಲೆ ಯೋಚಿಸಬೇಕು.

ನಾನು ಬರೆದು ಕೊಟ್ಟಿದ್ದು ಎರಡು ಪುಟ ಆಯ್ತು. ಬೆಂಬಲಿಸ್ತೀನಿ ಅಂತ ಟಿಕ್ ಹಾಕಿ ಕೆಳಗೆ ಬರೆದೆ: ದೊಡ್ಡ ಜಂಕ್ಷನ್ನಲ್ಲಿ ಪಟ್ಟಿನ ಸಿಗ್ನಲ್ ಹತ್ರಕ್ಕೆ ತನ್ನಿ, ಇಲ್ಲಾಂದ್ರೆ ಬಸ್ಸಿಗೆ ಮುಂಚೆ ಗ್ರೀನ್ ಕೊಡಿ. ತೆಗೀತಿರೋ ಪ್ರತಿ ಸ್ಟಾಪಿಂದ ಹೊಸ ಸ್ಟಾಪಿಗೆ ಎಷ್ಟು ಹೆಜ್ಜೆ ನಡೀಬೇಕು, ನಡುವೆ ಕೂರೋಕೆ ಬೆಂಚ್ ಇದೆಯಾ ಅಂತ ಬರೆದು ಆ ಸ್ಟಾಪಲ್ಲೇ ಅಂಟಿಸಿ. ಈಗ ಬಸ್ ಆ ರಸ್ತೆ ದಾಟೋಕೆ ಗಂಟೆ ಗಂಟೆಗೂ ಎಷ್ಟು ನಿಮಿಷ ಹಿಡಿಯತ್ತೆ ಅನ್ನೋದನ್ನ ಮೊದಲೇ ಪ್ರಕಟಿಸಿ, ಆರು ತಿಂಗಳು ಪ್ರಯೋಗ ಮಾಡಿ, ಮತ್ತೆ ಅದೇ ಲೆಕ್ಕ ಪ್ರಕಟಿಸಿ, ಜನರೇ ಹೋಲಿಸಿ ನೋಡ್ಲಿ. ಮತ್ತು ಎಲ್ಲಕ್ಕಿಂತ ಮುಂಚೆ, ಈ ಫಾರಮ್ಮನ್ನ ಬಸ್ಸಿಗೆ ತನ್ನಿ. ಬೆಳಿಗ್ಗೆ ಏಳರಿಂದ ಹತ್ತು, ಇಬ್ಬರು ಸಿಬ್ಬಂದಿ ಬಸ್ ಹತ್ತಿ ಎರಡು ದಿನ ಕೇಳಿದ್ರೆ ಸಾಕು, ಸಭೆಲಿ ಯಾರೂ ಹೇಳದ್ದು ಅಲ್ಲಿ ಸಿಗತ್ತೆ.

ಅವರು ತರ್ತಾರೋ ಇಲ್ವೋ, ಕೊನೆ ದಿನಾಂಕ ಹತ್ರ ಬರ್ತಿದೆ, ಅದಕ್ಕೆ ನಾನೇ ಮೇಜಿನ ಮೇಲಿದ್ದ ಫಾರಂಗಳಲ್ಲಿ ಮೂವತ್ತು ಕೇಳಿ ಇಸ್ಕೊಂಡು ಬಂದೆ. ಇವತ್ತು ಬೆಳಿಗ್ಗೆ ಬಸ್ಸಲ್ಲಿ ಕೊಟ್ಟೆ. ಮೊದಲು ಯಾರೂ ತಗೊಳ್ಳಲಿಲ್ಲ, ಏನೋ ಮಾರೋಕೆ ಬಂದಿದೀನಿ ಅಂದ್ಕೊಂಡ್ರು ಅನ್ಸತ್ತೆ. ಬಸ್ ಆ ಜಂಕ್ಷನ್ನಲ್ಲಿ ಎರಡನೇ ಗ್ರೀನೂ ತಪ್ಪಿಸ್ಕೊಂಡು ನಿಂತಾಗ ಒಬ್ಬ ಹುಡುಗಿ "ಇದು ಇದಕ್ಕೇನಾ ಅಕ್ಕಾ" ಅಂತ ಹೊರಗಿನ ಸಾಲು ತೋರಿಸಿ ಕೇಳಿದ್ಳು. ಹೌದು ಅಂದೆ. ಅವಳು ಬ್ಯಾಗ್ ಮೇಲೆ ಫಾರಂ ಇಟ್ಕೊಂಡು ಬರೆಯೋಕೆ ಶುರು ಮಾಡಿದ್ಳು, ಆಮೇಲೆ ಪಕ್ಕದವರು ಪೆನ್ ಇದ್ಯಾ ಅಂದ್ರು, ನಾನು ಇಳಿಯೋ ಹೊತ್ತಿಗೆ ಹದಿನಾರು ಜನ ತುಂಬಿ ವಾಪಸ್ ಕೊಟ್ಟಿದ್ರು. ಆ ಅಮ್ಮನ ಸ್ಟಾಪಲ್ಲಿ ಬಸ್ ನಿಂತಾಗ ಹುಡುಕಿದೆ, ಅವರು ಕಾಣಲಿಲ್ಲ. ಸಭೆಲಿ ವಿಚಾರಿಸಿದಾಗ, ಕೊಟ್ಟ ಫಾರಂ ಬದಲು ಹೊಸದು ತುಂಬಿ ಕೊಡಬಹುದು ಅಂದಿದ್ರು, ಅದಕ್ಕೆ ಅವರಿಗೆ ಅಂತ ಒಂದು ತೆಗೆದಿಟ್ಟಿದೀನಿ. ಉಳಿದ ಹದಿಮೂರನ್ನ ನಾಳೆ ಏಳೂವರೆ ಬಸ್ಸಿಗೆ ತಗೊಂಡು ಹೋಗ್ತೀನಿ.